ಚೊಗರಲ್ಲ, ಚರ್ಮದ ಬಣ್ಣ

ಮಲೆನಾಡಿನಲ್ಲಿ ಚರ್ಮದ ವಸ್ತುವಿಗೆ ಬೂಷ್ಟು ಹಿಡಿದರೆ ಯಾರನ್ನೂ ದೂರುವಂತಿಲ್ಲ. ಆಷಾಢದ ಗಾಳಿಯಲ್ಲಿರುವ ತೇವವೇ ಅದಕ್ಕೆ ಸಾಕು. ನಮ್ಮ ಭಾವನವರ ಬಳಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಯೆಜ್ಡಿಯೊಂದಿದೆ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಬೈಕು ಇಂದಿಗೂ ಊರೆಲ್ಲ ಕೇಳುವಂತೆ ಓಡುತ್ತಿದೆ. ಆದರೆ ಅದರ ಎರಡೂ ಬದಿಗೆ ತೂಗುವ ಚರ್ಮದ ಚೀಲಗಳು ಈ ಬಾರಿ ಮಳೆಗಾಲ ಮುಗಿಯುವ ಹೊತ್ತಿಗೆ ಯಾವ ಬಣ್ಣದವೆಂದು ಮಾಲೀಕರೇ ಹೇಳಲಾಗದ ಸ್ಥಿತಿಗೆ ಬಂದಿದ್ದವು.

ಇಂಥ ಚೀಲವನ್ನು ಮರಳಿ ರೂಪಕ್ಕೆ ತರುವಾಗ ಬಣ್ಣ ಬಳಿಯುವುದು ಅತಿ ಸುಲಭದ ಕೆಲಸ. ಅದಕ್ಕೂ ಮೊದಲು ಬೂಷ್ಟು ಒರೆಸಿ, ನೆರಳಿನಲ್ಲಿ ಆರಿಸಿ, ವರ್ಷಗಳಿಂದ ಕೂತ ಪಾಲಿಶ್, ಮೇಣ, ಎಣ್ಣೆಯ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ತೆಗೆಯಬೇಕು. ಇಲ್ಲದಿದ್ದರೆ ಜಿಡ್ಡಿರುವ ಕಡೆ ಬಣ್ಣ ಒಳಗಿಳಿಯದೆ ಚೀಲದ ಮೈಯೆಲ್ಲ ತೇಪೆ ತೇಪೆಯಾಗಿ ಕಾಣುತ್ತದೆ. ಇಷ್ಟೊಂದು ಸಹನೆ ಭಾವನವರ ಜಾತಕದಲ್ಲಿಲ್ಲ. ಅವರು ಚೀಲಗಳನ್ನು ಬಚ್ಚಲಿನಲ್ಲಿ ಬಟ್ಟೆ ಸೋಪಿನಿಂದ ತಿಕ್ಕಿ ತೊಳೆದು, ಸುಡುಬಿಸಿಲಿನಲ್ಲಿ ಬೇಲಿಯ ತುಕ್ಕು ತಂತಿಗೆ ನೇತುಹಾಕಿದರು. ಸಂಜೆಗೆ ಅವು ಹಪ್ಪಳದಂತೆ ಸೆಟೆದು ನಿಂತಿದ್ದವಲ್ಲದೆ, ತಂತಿ ತಾಗಿದ ಜಾಗದಲ್ಲಿ ಶಾಯಿಯಿಂದ ಗೆರೆ ಎಳೆದಷ್ಟು ಸ್ಪಷ್ಟವಾದ ಕಪ್ಪು ಪಟ್ಟೆಯೊಂದು ಮೂಡಿತ್ತು.

ಅದು ಒಂದರ್ಥದಲ್ಲಿ ಶಾಯಿಯೇ ಹೌದು. ಮರದ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಚರ್ಮದಲ್ಲಿರುವ ಟ್ಯಾನಿನ್, ಕಬ್ಬಿಣದೊಡನೆ ಸೇರಿದರೆ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ಇದನ್ನು ವಿವರಿಸಿದಾಗ ಭಾವನವರು ಬೇಸರಿಸಿಕೊಳ್ಳುವ ಬದಲು, “ಹಾಗಾದರೆ ಮಾಲು ಅಸಲಿ ಎಂದಾಯಿತಲ್ಲ!” ಎಂದು ಬೀಗಿದರು. ನಿಂಬೆಹಣ್ಣಿನ ಹೋಳು ಉಜ್ಜಿದ ಮೇಲೆ ಪಟ್ಟೆ ಬಹುಮಟ್ಟಿಗೆ ಮಾಸಿತು, ಬೀಗುವಿಕೆ ಮಾಸಲಿಲ್ಲ. ಸೆಟೆದ ಚರ್ಮಕ್ಕೆ ಅಕ್ಕ ತೆಳುವಾಗಿ ಹರಳೆಣ್ಣೆ ಸವರಿ, ಕೆಲವು ದಿನ ಬಿಟ್ಟು ಬಗ್ಗುವಂತೆ ಮಾಡಿದಳು.

ಬಣ್ಣದ ಆಯ್ಕೆಯಲ್ಲಿ ಇನ್ನೊಂದು ವ್ಯಾಜ್ಯ ಹುಟ್ಟಿತು. ಕಡುಕಂದು ಚೀಲವನ್ನು ಜೇನಿನ ಬಣ್ಣಕ್ಕೆ ತಿರುಗಿಸಬೇಕೆಂಬುದು ಭಾವನವರ ಹಟ. ಚರ್ಮದ ಬಣ್ಣ ಒಳಗೆ ಇಳಿದು ಗಾಢವಾಗಬಲ್ಲುದೇ ಹೊರತು ತಿಳಿಯಾಗಲಾರದು ಎಂಬುದನ್ನು ಅವರು ಜೇನಿನ ಬಣ್ಣದ ಬಾಟಲಿಯೊಂದು ಪೂರ್ತಿ ಖಾಲಿಯಾದ ಮೇಲೆ ಒಪ್ಪಿದರು. ಕೊನೆಗೆ ಕಡುಕಂದೇ ಬಂತು, ನಿಜಕ್ಕೂ ಚೆಂದವಾಗಿಯೇ ಬಂತು. ಆರಿದ ಮೇಲೆ ಮೇಲ್ಪದರದಲ್ಲಿ ಉಳಿದ ಬಣ್ಣದ ಪುಡಿಯನ್ನು, ಒಣ ಬಟ್ಟೆಗೆ ಏನೂ ಹತ್ತದಷ್ಟು ಉಜ್ಜಿ, ಅನಂತರ ರಕ್ಷಣೆಯ ಲೇಪ ಹಚ್ಚಬೇಕಿತ್ತು. ಆದರೆ ಮರುದಿನವೇ ಕಾರ್ತಿಕದ ಮದುವೆಯೊಂದಿತ್ತು.

ಭಾವನವರು ಬಿಳಿ ಪಂಚೆ ಉಟ್ಟು ಯೆಜ್ಡಿ ಏರಿದರು, ದಾರಿಯಲ್ಲಿ ತುಂತುರು ಹನಿಯಿತು. ಚಪ್ಪರದ ಬಾಗಿಲಲ್ಲಿ ಇಳಿದಾಗ ಪಂಚೆಯ ಎರಡೂ ಬದಿಗೆ, ಮೊಣಕಾಲಿನಿಂದ ಕೆಳಗೆ, ಕಡುಕಂದಿನ ಅಗಲವಾದ ಅಂಚು ಬಿದ್ದಿತ್ತು. ಅಡಿಕೆ ಬೇಯಿಸಿದಾಗ ಬಿಡುವ ಕಂದು ರಸ, ಅಂದರೆ ಚೊಗರು, ಬಟ್ಟೆಗೆ ಹತ್ತುವ ಕೊಯ್ಲಿನ ಕಾಲ ಬೇರೆ. ಪನ್ನೀರು ಚಿಮುಕಿಸಲು ನಿಂತಿದ್ದ ಹಿರಿಯರೊಬ್ಬರು ಮೇಲಿಂದ ಕೆಳಗೆ ನೋಡಿ, “ಏನಯ್ಯಾ, ಅಡಿಕೆ ಬೇಯಿಸುತ್ತಿದ್ದವನು ಹಾಗೆಯೇ ಎದ್ದು ಬಂದೆಯಾ? ಚೊಗರನ್ನಾದರೂ ತೊಳೆದುಕೊಳ್ಳಬಾರದಿತ್ತೇ?” ಎಂದರು. ಚರ್ಮದ ಬಣ್ಣವೆಂದು ಮದುವೆಮನೆಯಲ್ಲಿ ಹೇಳುವುದಕ್ಕಿಂತ ಚೊಗರೆಂದು ಒಪ್ಪುವುದೇ ಮೇಲೆನಿಸಿ, ಭಾವನವರು ಈ ವರ್ಷದ ಫಸಲಿನ ಬಗ್ಗೆ ಊಟದ ಪಂಕ್ತಿಯವರೆಗೂ ಮಾತನಾಡಿದರು.

ಪಂಚೆಯ ಕಲೆ ಯಾವ ಸೋಪಿಗೂ ಬಗ್ಗಲಿಲ್ಲ. ಅಕ್ಕ ಅದನ್ನು ನಾಲ್ಕು ತುಂಡು ಮಾಡಿ ಅವರ ಕೈಗಿತ್ತಿದ್ದಾಳೆ. ಭಾವನವರು ಈಗ ಅದರಿಂದಲೇ ಚೀಲ ಉಜ್ಜುತ್ತಿದ್ದಾರೆ, ಮೂರನೆಯ ತುಂಡಿಗೂ ಬಣ್ಣ ಹತ್ತುತ್ತಿದೆ.