ವಿಂಡೋಸ್‌ನಲ್ಲಿ ವಿಡಿಯೊ ನೋಡಲು ದುಡ್ಡು ಕಟ್ಟಬೇಕಿಲ್ಲ

‘ಇನ್ಮುಂದೆ ವಿಂಡೋಸ್‌ನಲ್ಲಿ ಯಾವ ವಿಡಿಯೊ ನೋಡಬೇಕಾದರೂ ದುಡ್ಡು ಕಟ್ಟಬೇಕು’ ಎಂಬ ಮೆಸೇಜ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಹಣ ಕೇಳುವುದು ಎಚ್‌ಇವಿಸಿ ಎಂಬ ಒಂದು ಬಗೆಯ ವಿಡಿಯೊಗೆ ಮಾತ್ರ. ಐಫೋನ್‌ಗಳು 2017ರಿಂದ ಹೆಚ್ಚಾಗಿ ಇದರಲ್ಲೇ ರೆಕಾರ್ಡ್ ಮಾಡುತ್ತವೆ. ಆ ಫೈಲನ್ನು ವಿಂಡೋಸ್‌ನದೇ ಪ್ಲೇಯರ್‌ನಲ್ಲಿ ತೆರೆದರೆ, ‘ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಷನ್ಸ್’ ಎಂಬ ಹೆಚ್ಚುವರಿ ಸಾಫ್ಟ್‌ವೇರ್ ಹಾಕಿಕೊಳ್ಳಿ ಎನ್ನುತ್ತದೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಅಮೆರಿಕದ ಬೆಲೆ 0.99 ಡಾಲರ್. ಅದೂ ಒಂದೇ ಸಲ, ತಿಂಗಳು ತಿಂಗಳು ಅಲ್ಲ. ದುಡ್ಡು ಯಾಕೆಂದರೆ, ಎಚ್‌ಇವಿಸಿ ತಂತ್ರಜ್ಞಾನದ ಪೇಟೆಂಟ್‌ಗಳು ಹಲವು ಕಂಪನಿಗಳ ಕೈಯಲ್ಲಿವೆ, ಅವಕ್ಕೆ ರಾಯಧನ ಕೊಡಬೇಕು. ಮಾಮೂಲಿ ಎಂಪಿ4 ವಿಡಿಯೊಗಳು ಮೊದಲಿನಂತೆ ಪುಕ್ಕಟೆಯಾಗಿಯೇ ಓಡುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಂತೂ ಎಚ್‌ಇವಿಸಿ ಸಾಫ್ಟ್‌ವೇರನ್ನು ತಯಾರಕರೇ ಹಾಕಿಕೊಟ್ಟಿರುತ್ತಾರೆ.

ವಿಂಡೋಸ್‌ಗೆ ಅಷ್ಟು ದುಡ್ಡು ಕೊಟ್ಟ ಮೇಲೂ ಚಿಲ್ಲರೆ ಕೇಳಿದರೆ ಸಿಟ್ಟು ಬರುತ್ತದೆ, ಅಲ್ವಾ? ಆ ಸಿಟ್ಟು ನ್ಯಾಯವೇ. ಆದರೆ ಈ ಮೆಸೇಜ್ ನಿಜವಲ್ಲ.

ಆ ಸಾಫ್ಟ್‌ವೇರನ್ನು ಕೊಳ್ಳಲೇಬೇಕು ಅಂತಲೂ ಇಲ್ಲ. ಉಚಿತ ವಿಎಲ್‌ಸಿ ಪ್ಲೇಯರ್ ಇಂಥ ಫೈಲುಗಳನ್ನು ಆರಾಮಾಗಿ ಓಡಿಸುತ್ತದೆ. ಇಲ್ಲವೇ ಐಫೋನ್ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಒತ್ತಿ; ಆಮೇಲೆ ತೆಗೆಯುವ ವಿಡಿಯೊಗಳು ಹೆಚ್ಚಾಗಿ ಎಚ್‌ಇವಿಸಿ ಬದಲು ಮಾಮೂಲಿ ಬಗೆಯಲ್ಲಿ ರೆಕಾರ್ಡ್ ಆಗುತ್ತವೆ. ಫೈಲ್ ಸೈಜ್ ಮಾತ್ರ ಜಾಸ್ತಿಯಾಗುತ್ತದೆ.

ಆ ಮೆಸೇಜ್ ನಿಮಗೆ ಬಂದರೆ ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ.