ಹಿಂದೆ ಇನ್ನೆರಡು ಪ್ಲೇಟ್ ಹಾಕಿ

‘ಓವರ್‌ಲೋಡ್ ವಾಹನಗಳ ವಿರುದ್ಧ ಕಠಿಣ ಕ್ರಮ.’ ಈ ಸುದ್ದಿ ನೀವೂ ಓದಿರುತ್ತೀರಿ. ಈ ವರ್ಷದ್ದು ತಪ್ಪಿದ್ದರೆ ಹೋದ ವರ್ಷದ್ದು ಓದಿದರೂ ಸಾಕು, ಬದಲಾಗಿರುವುದು ತಾರೀಕು ಮಾತ್ರ. ಮಳೆಗಾಲ ಮುಗಿದು, ಡಾಮರು ಎಲ್ಲಿ ಹೋಯಿತು ಎಂದು ಜನ ಕೇಳತೊಡಗಿದ ಕೂಡಲೇ ಒಂದು ಸಭೆ ಆಗುತ್ತದೆ. ಸಭೆಯಲ್ಲಿ ಚಾ, ಗೋಳಿಬಜೆ ಮತ್ತು ಕಠಿಣ ಕ್ರಮ ಇರುತ್ತದೆ. ಮೊದಲಿನ ಎರಡು ಅಲ್ಲೇ ಖರ್ಚಾಗುತ್ತದೆ.

ಅದೇ ಹೊತ್ತಿಗೆ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಒಂದು ಪಿಕಪ್ಪಿಗೆ ಜಾಕಿ ಕೊಟ್ಟು, ಹಿಂದಿನ ಕಮಾನಿಗೆ, ಅಂದರೆ ಭಾರ ಹೊರುವ ಪಟ್ಟಿ ಸ್ಪ್ರಿಂಗಿಗೆ, ಎರಡು ಪ್ಲೇಟ್ ಜಾಸ್ತಿ ಹಾಕುತ್ತಿರುತ್ತಾರೆ. ನನಗೆ ಸಭೆಗಿಂತ ಈ ಶೆಡ್ಡಿನ ಮೇಲೆ ಗೌರವ ಹೆಚ್ಚು. ಇಲ್ಲಿ ಕೆಲಸವಾದರೂ ಆಗುತ್ತದೆ. ಯು ಬೋಲ್ಟ್ ಬಿಚ್ಚುತ್ತಾರೆ. ಸೆಂಟರ್ ಬೋಲ್ಟ್ ತೆಗೆಯುತ್ತಾರೆ. ಬಗ್ಗಿದ ಪ್ಲೇಟನ್ನು ಬಡಿದು ಎಬ್ಬಿಸಿ, ಗುಜರಿಗೆ ಹೋದ ಯಾವುದೋ ಲಾರಿಯ ದಪ್ಪ ಪ್ಲೇಟನ್ನು ನಡುವೆ ಸೇರಿಸುತ್ತಾರೆ. ಸಂಜೆಗೆ ಗಾಡಿ ರೆಡಿ. ‘ಇನ್ನು ಎಷ್ಟು ಹೇರಿದ್ರೂ ಹಿಂದೆ ಕೂರುದಿಲ್ಲ ಮಾರಾಯ್ರೆ’ ಎಂದು ಗ್ಯಾರಂಟಿ ಬೇರೆ. ನಮ್ಮ ರಸ್ತೆಗೆ ಇಷ್ಟು ಧೈರ್ಯದಿಂದ ಗ್ಯಾರಂಟಿ ಕೊಡುವವರನ್ನು ನಾನಂತೂ ಕಂಡಿಲ್ಲ. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಯನ್ನು ಈ ಶೆಡ್ಡಿಗೆ ವಹಿಸಿದ್ದರೆ 2020ರವರೆಗೆ ಕಾಯಬೇಕಾಗಿರಲಿಲ್ಲ.

ಸಣ್ಣ ಲೆಕ್ಕ ಒಂದುಂಟು. ಟಾಟಾ ಏಸ್, ಅಂದರೆ ನಮ್ಮ ಛೋಟಾ ಹಾಥಿ, 2005ರಲ್ಲಿ ಬಂತು. ಕಂಪನಿ ಹೇಳುವ ಪ್ರಕಾರ ಅದು ಹೊರುವುದು ಮುಕ್ಕಾಲು ಟನ್ನಿನ ಆಸುಪಾಸು. ಒಂದು ಕೆಂಪುಕಲ್ಲಿಗೆ 30 ಕಿಲೋ ಹಿಡಿಯಿರಿ. ಅಲ್ಲಿಗೆ 25 ಕಲ್ಲು. ಬರೇ 25 ಕಲ್ಲು ಹೇರಿಕೊಂಡು ಹೋಗುವ ಏಸನ್ನು ನೀವು ನೋಡಿದ್ದೀರಾ? ನೋಡಿದ್ದರೆ ಅದು ಎಲ್ಲೋ ಅರ್ಧ ಲೋಡ್ ಇಳಿಸಿ ಬಂದದ್ದು.

ಪ್ಲೇಟ್ ಹಾಕಿದ ಮೇಲೆ ಏನಾಗುತ್ತದೆ? ಕಮಾನು ಗಟ್ಟಿಯಾಗುತ್ತದೆ, ಅಷ್ಟೇ. ಆಕ್ಸೆಲ್ ಹಳೆಯದೇ. ಬೇರಿಂಗ್ ಹಳೆಯದೇ. ಟೈರು, ಚಾಸಿ, ಬ್ರೇಕು ಎಲ್ಲ ಕಂಪನಿ ಹೇಳಿದ ಭಾರಕ್ಕೆ ಮಾಡಿದವು. ಮೊದಲು ಭಾರ ಜಾಸ್ತಿಯಾದರೆ ಹಿಂಬದಿ ಕೂರುತ್ತಿತ್ತು. ಮುಂದಿನ ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು. ಸಾಕು ಎಂದು ಹೇಳಲು ಗಾಡಿಗೆ ಇದ್ದದ್ದು ಅದೊಂದೇ ದಾರಿ. ಈಗ ಅದರ ಬಾಯಿಯನ್ನೂ ಮುಚ್ಚಿದ್ದೇವೆ. ಖಾಲಿ ಇದ್ದಾಗ ಮಾತ್ರ ಪ್ರತಿ ಹಂಪಿನಲ್ಲೂ ಹಾರುತ್ತದೆ. ‘ಖಾಲಿ ಹೋದ್ರೆ ಸೊಂಟ ಹೋಗ್ತದೆ ಸಾರ್, ಲೋಡ್ ಇದ್ರೇ ಆರಾಮ’ ಎಂದು ಡ್ರೈವರುಗಳು ಹೇಳುತ್ತಾರೆ. ಅಂದರೆ ಓವರ್‌ಲೋಡ್ ಮಾಡುವುದು ಆರೋಗ್ಯದ ದೃಷ್ಟಿಯಿಂದ.

ಇನ್ನು ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್ ಪಡೆಯುವ ದಿನದ ಸಂಭ್ರಮ. ಎಂಟು ವರ್ಷ ದಾಟಿದ ಗಾಡಿಗೆ ಇದು ವರ್ಷಕ್ಕೊಮ್ಮೆ ಬರುವ ಹಬ್ಬ. ಹಿಂದಿನ ದಿನವೇ ಹೆಚ್ಚಿನ ಪ್ಲೇಟ್ ಬಿಚ್ಚಿ ಇಡುತ್ತಾರೆ. ಗಾಡಿ ತೊಳೆದು, ರೇಡಿಯಂ ಸ್ಟಿಕ್ಕರ್ ಅಂಟಿಸಿ, ಹಾರ್ನ್ ಕೂಡ ಮೆತ್ತಗೆ ಮಾಡಿ ನಿಲ್ಲಿಸುತ್ತಾರೆ. ಯಕ್ಷಗಾನದ ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟು ಚಾ ಕುಡಿಯುವ ಬಣ್ಣದ ವೇಷದ ರಾಕ್ಷಸರ ಹಾಗೆ ಗಾಡಿ ಅಷ್ಟು ಪಾಪ ಕಾಣುತ್ತದೆ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಪ್ಲೇಟ್ ಮತ್ತೆ ಸ್ವಸ್ಥಾನಕ್ಕೆ. ಈ ಕಾರ್ಯಕ್ರಮ ಊರಿಗೆಲ್ಲ ಗೊತ್ತು. ಪರೀಕ್ಷೆ ಮಾಡುವವರಿಗೆ ಮಾತ್ರ ಗೊತ್ತಿಲ್ಲ ಎಂದು ನಾವು ನಂಬಬೇಕು.

ಕಾನೂನಿಗೇನೂ ಬರವಿಲ್ಲ. ನೋಂದಣಿಯಲ್ಲಿ ಇರುವಂತೆಯೇ ಗಾಡಿ ಇರಬೇಕು, ಬದಲಾಯಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಓವರ್‌ಲೋಡಿನ ದಂಡ ಮೊದಲು 2,000 ಇತ್ತು. 2019ರ ತಿದ್ದುಪಡಿಯಲ್ಲಿ ಅದು 20,000 ಆಯಿತು, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಅಷ್ಟೇ ಅಲ್ಲ, ಹೆಚ್ಚಿನ ಮಾಲು ಇಳಿಸದೆ ಗಾಡಿ ಕದಲುವಂತೆಯೇ ಇಲ್ಲ. ಹಾಗೆ ಇಳಿಸಿದ ಕಲ್ಲಿನ ರಾಶಿ ಪಡೀಲಿನಿಂದ ಬಿ.ಸಿ.ರೋಡಿನವರೆಗೆ ಎಲ್ಲಾದರೂ ಕಂಡಿದ್ದೀರಾ? ಕಂಡರೆ ದಯವಿಟ್ಟು ತಿಳಿಸಿ. ನನಗೊಂದು ಕಂಪೌಂಡ್ ಕಟ್ಟಲಿಕ್ಕುಂಟು.

ಶೆಡ್ಡಿನವರನ್ನು ಮಾತ್ರ ಬೈಯುವುದು ತಪ್ಪು. 2018ರಲ್ಲಿ ಕೇಂದ್ರ ಸರಕಾರವೇ ಪ್ಲೇಟ್ ಹಾಕಿತು. ಹತ್ತು ಚಕ್ರದ ಲಾರಿ ಸರಕು ಸೇರಿ ತೂಗಬಹುದಾದದ್ದು 25 ಟನ್ ಇತ್ತು, ಅದನ್ನು 28.5 ಮಾಡಿದರು. ಜಾಕಿ ಇಲ್ಲ, ಸ್ಪ್ಯಾನರ್ ಇಲ್ಲ, ಕೈಗೆ ಗ್ರೀಸ್ ಕೂಡ ತಾಗಲಿಲ್ಲ. ಕೆಳಗಿನ ರಸ್ತೆಗೆ ಯಾರೂ ಸುದ್ದಿ ಮುಟ್ಟಿಸಿದ ಹಾಗೆ ಕಾಣುವುದಿಲ್ಲ.

ರಸ್ತೆಯ ವಿಷಯ ಅಮೆರಿಕದವರು 1950ರ ದಶಕದ ಕೊನೆಗೆ ಕಷ್ಟಪಟ್ಟು ಕಂಡುಹಿಡಿದರು. ಇಲಿನಾಯ್‌ನಲ್ಲಿ ಹೊಸ ರಸ್ತೆಗಳನ್ನೇ ಮಾಡಿ, ಅವುಗಳ ಮೇಲೆ ಲಾರಿ ಓಡಿಸಿ ಓಡಿಸಿ ನೋಡಿದರು. ಆಕ್ಸೆಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಎಂದು ಗೊತ್ತಾಯಿತು. ಸುಮ್ನೆ ಅಷ್ಟು ಖರ್ಚು ಮಾಡಿದರು. ಬಳ್ಳಾರಿಯ ಅದಿರು ಲಾರಿಗಳು ಪಣಂಬೂರಿನ ಬಂದರಿಗೆ ಸಾಲುಗಟ್ಟಿ ಬರುತ್ತಿದ್ದ ಕಾಲದಲ್ಲಿ ಶಿರಾಡಿ ಘಾಟಿಯಲ್ಲಿ ಅದೇ ಪ್ರಯೋಗ ಪುಕ್ಕಟೆ ನಡೆದಿತ್ತು. ಬಿಲ್ಲು ಮಾತ್ರ ನಮಗೆ ಬಂತು. ಕಾಂಕ್ರೀಟ್ ಹಾಕಲು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಘಾಟಿ ಮುಚ್ಚಿತು.

ತಮಾಷೆ ಇರಲಿ. ಪಿಕಪ್ ಓಡಿಸುವ ಹುಡುಗನಿಗೆ ಓವರ್‌ಲೋಡ್ ಮಾಡುವ ಚಟವೇನೂ ಇಲ್ಲ. ಅವನಿಗೆ ತಿಂಗಳ ಕಂತು ಉಂಟು. ಅವನು 25 ಕಲ್ಲು ಎಂದರೆ ಹಿಂದೆ ನಿಂತವನು 70 ಎನ್ನುತ್ತಾನೆ. ಮನೆ ಕಟ್ಟುವ ನಾವೂ ಆ 70ರವನನ್ನೇ ಕರೆಯುತ್ತೇವೆ, ಬಾಡಿಗೆಯಲ್ಲಿ ಇನ್ನೂರು ರೂಪಾಯಿ ಚೌಕಾಶಿ ಮಾಡುತ್ತೇವೆ. ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವನಿಗೂ ದಂಡ ಎಂದು ಕಾನೂನು ಹೇಳುತ್ತದೆ. ಕೋರೆಯವರು, ಕಂಟ್ರಾಕ್ಟರು ಇದನ್ನು ಓದಿರುವುದು ಸಂಶಯ. ಪೇಪರಿನಲ್ಲಿ ಗಾಡಿಯ ಪಕ್ಕ ಕೈಕಟ್ಟಿ ನಿಲ್ಲುವುದು ಡ್ರೈವರ್ ಒಬ್ಬನೇ. ಮಳೆ ನೀರು ತುಂಬಿದ ಗುಂಡಿಗೆ ಬೀಳುವುದು ಹಿಂದೆ ಮಗುವನ್ನು ಕೂರಿಸಿಕೊಂಡ ಸ್ಕೂಟರಿನವರು. ಅವರ ಹಿಂದೆ ಬರುವ ಗಾಡಿಯಲ್ಲಿ ಭಾರ ಎರಡು ಪಟ್ಟು, ಬ್ರೇಕು ಒಂದೇ ಪಟ್ಟು. ಇದರಲ್ಲಿ ನಗಲಿಕ್ಕೆ ಏನೂ ಇಲ್ಲ.

ಸಿಬ್ಬಂದಿ ಕೊರತೆ ಎನ್ನುತ್ತಾರೆ. ಇರಬಹುದು. ಟೋಲ್‌ಗೇಟಿಗೆ ಕೊರತೆ ಇಲ್ಲವಲ್ಲ? ತಲಪಾಡಿಯಲ್ಲಿ ಒಂದು, ಬ್ರಹ್ಮರಕೂಟ್ಲಿನಲ್ಲಿ ಒಂದು, ಹೆಜಮಾಡಿಯಲ್ಲಿ ಒಂದು, ಸಾಸ್ತಾನದಲ್ಲಿ ಮತ್ತೊಂದು. ದುಡ್ಡು ಪೈಸೆ ತಪ್ಪದೆ ಎಣಿಸುವ ಗೇಟಿಗೆ ಟನ್ನು ಎಣಿಸಲು ಏನು ಕಷ್ಟ? ಗಾಡಿ ಹೇಗೂ ಅಲ್ಲಿ ನಿಂತಿರುತ್ತದೆ. ತೂಗಿ ಮಾರಾಯ್ರೆ.