ಮೈಸೂರಿನ ಮಾವನಿಗೆ ಮಂಗಳೂರು ತೋರಿಸಿದ್ದು

ಮೈಸೂರಿನ ಸೋದರಮಾವ ಬರುವ ಮೊದಲೇ ಫೋನಿನಲ್ಲಿ ಕಾಲೆಳೆಯಲು ಶುರು ಮಾಡಿದ್ದರು. "ನಿಮ್ಮೂರಲ್ಲಿ ನೋಡೋಕೆ ಏನಿದೆಯೋ? ಬೆವರು, ಮೀನು, ಅದು ಬಿಟ್ರೆ ಮಳೆ." ನನಗೆ ಉರಿದುಹೋಯಿತು. ಈ ಸಲ ಊರಿನ ಒಳ್ಳೊಳ್ಳೆಯದನ್ನೆಲ್ಲ ತೋರಿಸಿಯೇ ಬಿಡುವುದು ಅಂತ ಒಂದು ದಿನ ರಜೆ ಹಾಕಿದೆ.

ಬಸ್ಸಿಳಿದದ್ದು ಪಂಪ್‌ವೆಲ್‌ನಲ್ಲಿ. ಒಳ್ಳೆಯದೇ ಆಯಿತು, ನಮ್ಮ ಫ್ಲೈಓವರ್ ಇರುವುದೇ ಅಲ್ಲಿ. 2010ರಲ್ಲಿ ಕೆಲಸ ಶುರು, 2020ರ ಜನವರಿ 31ಕ್ಕೆ ಉದ್ಘಾಟನೆ, ನಡುವೆ ಅದರ ಬಗ್ಗೆ ಬಂದ ಜೋಕುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಕಂಬದ ಖರ್ಚಾದರೂ ಉಳಿಯುತ್ತಿತ್ತು ಅಂತ ವಿವರಿಸಿದೆ. ಮಾವ ಮೀಸೆಯಲ್ಲೇ ನಕ್ಕರು. "ಹತ್ತು ವರ್ಷವಾ? ನಮ್ಮ ಅರಮನೆ ನೋಡು, 1897ರಲ್ಲಿ ಹಿಡಿದು 1912ಕ್ಕೆ ಮುಗಿಸಿದ್ರು."

"ಅಂದ್ರೆ 15 ವರ್ಷ. ನಮ್ಮದು ಐದು ವರ್ಷ ಬೇಗ ಆಯ್ತಲ್ಲ ಮಾವ!"

ಒಂದು ನಿಮಿಷ ಮಾತಿಲ್ಲ. ಆಮೇಲೆ, ಇದಕ್ಕೆ ಪಂಪ್‌ವೆಲ್ ಅಂತ ಯಾಕೆ ಹೆಸರು ಅಂದರು. ಹಿಂದೆ ಇಲ್ಲೊಂದು ಪಂಪು ಇಟ್ಟ ಬಾವಿ ಇತ್ತಂತೆ, ಜುಲೈಯಲ್ಲಿ ಬಂದರೆ ಫ್ಲೈಓವರಿನ ಅಡಿಯಲ್ಲಿ ಬಾವಿ ಈಗಲೂ ನೋಡಲು ಸಿಗುತ್ತದೆ, ಪಂಪು ಮಾತ್ರ ನೀವೇ ತರಬೇಕು ಅಂದೆ.

ಅಲ್ಲಿಂದ ಹಂಪನಕಟ್ಟೆಯ ಗಡಿಯಾರ ಗೋಪುರ. ಇದರ ಕಥೆ ಹೇಳುವಾಗ ನನಗೇ ಎದೆ ಉಬ್ಬುತ್ತದೆ ಮಾರಾಯ್ರೆ. ಇಲ್ಲಿ ಮೊದಲೊಂದು ಗೋಪುರ ಇತ್ತು. ವಾಹನಗಳಿಗೆ ಅಡ್ಡ ಅಂತ ಕೆಡವಿದರು. ಆಮೇಲೆ ವಾಹನಗಳು ಎಷ್ಟೋ ಪಟ್ಟು ಜಾಸ್ತಿ ಆದವು. ಆಗ ಸ್ಮಾರ್ಟ್ ಸಿಟಿ ದುಡ್ಡು ಬಂತು, ಮತ್ತೆ ಅಲ್ಲೇ ಕಟ್ಟಿದರು. "ನಮ್ಮ ದೊಡ್ಡ ಗಡಿಯಾರ ಕಟ್ಟಿದಾಗಿನಿಂದ ನಿಂತಲ್ಲೇ ನಿಂತಿದೆಯಪ್ಪಾ" ಅಂದರು ಮಾವ. ಅದೇ ನೋಡಿ ನಿಮ್ಮ ಸಮಸ್ಯೆ, ಕೆಡವದೆ ಅಭಿವೃದ್ಧಿ ಆಗುವುದು ಹೇಗೆ? 2016ರಲ್ಲಿ ನಾವು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದೆವು, ಮೈಸೂರಿಗೆ ಅದು ಸಿಗಲೇ ಇಲ್ಲ ಅಂತ ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಮಾವ ಚಾಮುಂಡಿ ಬೆಟ್ಟದ ದಿಕ್ಕು ಯಾವುದು ಅಂತ ಕೇಳಿ, ಆ ಕಡೆ ತಿರುಗಿ ಕೈಮುಗಿದರು.

ಮುಂದೆ ಗುಡ್ಡ ಹತ್ತಬೇಕು. ಹೋದ ವರ್ಷ ಹಾಕಿದ ಕಾಂಕ್ರೀಟ್ ರಸ್ತೆ, ಅದರ ನಡುವೆ ಬ್ರೆಡ್ಡಿಗೆ ಚೂರಿ ಹಾಕಿದ ಹಾಗೆ ನೀಟಾಗಿ ಕೊಯ್ದಿದ್ದಾರೆ. ಇದು ನಮ್ಮಲ್ಲಿ ಕ್ರಮ. ಮೊದಲು ರಸ್ತೆ ಹಾಕುವುದು, ಆಮೇಲೆ ಪೈಪಿನ ನೆನಪಾಗುವುದು. ಪೈಪಿನವರು ಮುಚ್ಚಿದ ಮೇಲೆ ಕೇಬಲಿನವರು ತೆರೆಯುತ್ತಾರೆ, ಕೇಬಲಿನವರು ಹೋದ ಮೇಲೆ ಫುಟ್‌ಪಾತಿನ ಇಂಟರ್‌ಲಾಕ್ ಕೀಳಲು ಇನ್ಯಾರೋ ಬರುತ್ತಾರೆ. ಎಲ್ಲರೂ ಒಟ್ಟಿಗೆ ಬರಬಾರದಾ ಅಂತ ಮಾವ ಕೇಳಿದರು. ಪಾಪ, ಹೊರಗಿನವರಿಗೆ ಅರ್ಥ ಆಗುವುದಿಲ್ಲ. ಒಟ್ಟಿಗೆ ಬಂದರೆ ಒಂದೇ ಬಿಲ್ಲು ಅಲ್ವಾ?

ಅಲೋಶಿಯಸ್ ಚಾಪೆಲ್ ಒಳಗೆ ಹೋದ ಮೇಲೆ ಮಾವನ ಬಾಯಿ ಬಂದ್. ತಲೆ ಎತ್ತಿದವರು ಇಳಿಸಲೇ ಇಲ್ಲ. ಗೋಡೆ, ಮಾಡು, ಎಲ್ಲ ಚಿತ್ರ. ಇಟಲಿಯ ಆಂಟೊನಿಯೊ ಮೊಸ್ಕೆನಿ ಅನ್ನುವವರು 1900ರ ಆಸುಪಾಸಿನಲ್ಲಿ ಬರೆದದ್ದು. ನಮ್ಮ ಮಳೆಗಾಲದ ತೇವ ಗೊತ್ತಲ್ಲ, ಕಪಾಟಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಈ ಬಣ್ಣ ಇನ್ನೂ ಉಳಿದಿದೆ.

"ಇದು ಯಾವ ಯೋಜನೆಯದು?" ಅಂತ ಪಿಸುಗುಟ್ಟಿದರು.

"ಯಾವುದೂ ಅಲ್ಲ."

"ಅದಕ್ಕೇ."

ಕದ್ರಿಯಲ್ಲೂ ಹಾಗೇ. 968ರ ಶಾಸನ ಇರುವ ಕಂಚಿನ ಲೋಕೇಶ್ವರನ ಮುಂದೆ ಸುಮ್ನೆ ನಿಂತರು. ನನಗೆ ಒಳಗೊಳಗೇ ಭಯ. ಇವರು ಮೆಚ್ಚುತ್ತಿರುವುದೆಲ್ಲ ಯಾರೂ ಟೆಂಡರ್ ಕರೆಯದ ಕಾಲದ್ದು.

ಕೊನೆಗೆ ಗಡ್‌ಬಡ್ ಕೊಡಿಸಿದೆ. ಉದ್ದ ಗ್ಲಾಸು, ಒಂದು ಪದರ ಐಸ್‌ಕ್ರೀಮು, ಒಂದು ಪದರ ಹಣ್ಣು, ಮತ್ತೆ ಐಸ್‌ಕ್ರೀಮು. ಮಾವ ಉದ್ದನೆಯ ಚಮಚ ಇಳಿಸಿ ಅಗೆಯತೊಡಗಿದರು. ಮುಖ ಅರಳಿತು. ಅಬ್ಬ, ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅಡಿಯಲ್ಲಿ ಕೆಂಪಗೆ ಏನೋ ಚಮಚಕ್ಕೆ ತಾಗಿತು. ಮಾವ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಇದು ಜೆಲ್ಲಿ ತಾನೇ? ಯಾರದೂ ಕೇಬಲ್ ಅಲ್ವಲ್ಲ?"